ಮನೆ ಹಿಂದಿನ ಮೊಸರು ಘಟಕಕ್ಕೆ ಯಾವ ವಾಲ್ವ್, ಯಾವ ಥರ್ಮೋಸ್ಟಾಟ್?

ಡಿಸೆಂಬರಿನಲ್ಲಿ ಚಿಂತಾಮಣಿ ಕಡೆ ರಾತ್ರಿ ಹೆಪ್ಪು ಹಾಕಿ ಮಲಗಿದರೆ ಬೆಳಿಗ್ಗೆ ಎದ್ದಾಗಲೂ ಹಾಲು ಹಾಲಾಗಿಯೇ ಇರುತ್ತದೆ. ಏಪ್ರಿಲ್ ಬಂದರೆ ಅದೇ ಹಾಲು, ಅದೇ ಹೆಪ್ಪು, ಬೆಳಗಾಗುವಷ್ಟರಲ್ಲಿ ಬಾಯಿಗಿಡಲಾರದಷ್ಟು ಹುಳಿ. ಮನೆಮಂದಿ ತಿನ್ನುವ ಒಂದು ಪಾತ್ರೆ ಮೊಸರಿಗೆ ಇದು ದೊಡ್ಡ ತೊಂದರೆಯಲ್ಲ. ಚಳಿಗೆ ಕಂಬಳಿ ಸುತ್ತಿದರೆ ಅಥವಾ ಒಲೆಯ ಪಕ್ಕಕ್ಕೆ ಸರಿಸಿದರೆ ಆಯಿತು. ಆದರೆ ಪೇಟೆಯ ಹೋಟೆಲಿಗೆ ದಿನಕ್ಕೆ 50 ಲೀಟರ್ ಮೊಸರು, ದಿನಾ ಒಂದೇ ರುಚಿಯಲ್ಲಿ ಕೊಡುತ್ತೇನೆಂದು ಒಪ್ಪಿಕೊಂಡ ಮೇಲೆ ಕಂಬಳಿ ಸಾಲುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ ಕಡೆ ನಾಲ್ಕಾರು ಸೀಮೆ ಹಸು ಕಟ್ಟಿದವರ ಮನೆಯಲ್ಲಿ ಈಗೀಗ ಈ ಮಾತು ಬರುತ್ತಿದೆ: ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಕ್ಯಾನ್ ಉಳಿಸಿಕೊಂಡು ಮೊಸರೋ ಪನೀರೋ ಮಾಡಿ ಮಾರಿದರೆ ಹೇಗೆ? ಹಾಲು ಮನೆಯದು, ಕೈಕೆಲಸವೂ ಗೊತ್ತಿರುವುದೇ. ಕಾಲು ಎಡವುವುದು ಟ್ಯಾಂಕ್ ಮಾಡಿಸಲು ಹೋದಾಗ. ‘ಟಿಸಿ ಕ್ಲ್ಯಾಂಪ್ ಹಾಕಲಾ, ಥ್ರೆಡ್ ಸಾಕಾ? 304 ಬೇಕಾ, 202 ನಡೆಯುತ್ತಾ? ಪಿಐಡಿ ಕೂರಿಸಲಾ, ಮಾಮೂಲಿ ಥರ್ಮೋಸ್ಟಾಟಾ?’ ಎಂದು ಫ್ಯಾಬ್ರಿಕೇಶನ್‌ನವರು ಕೇಳುತ್ತಾರೆ. ಒಂದೂ ಅರ್ಥವಾಗದೆ ‘ಯಾವುದು ಚೆನ್ನಾಗಿದೆಯೋ ಅದು ಹಾಕಿ’ ಎಂದುಬಿಡುತ್ತೇವೆ. ಆ ಪ್ರಶ್ನೆಗಳ ಹಿಂದೆ ಏನಿದೆ ಎಂದು ಒಂದೊಂದಾಗಿ ಬಿಡಿಸಿ ನೋಡೋಣ.

## ಹಾಲಿಗೆ ಎಷ್ಟು ಬಿಸಿ, ಎಷ್ಟು ಹೊತ್ತು

ಮೊದಲು ಕೆಲಸ ಏನೆಂದು ತಿಳಿದರೆ ಸಾಮಾನು ಆರಿಸುವುದು ಸುಲಭ. ಹಸಿ ಹಾಲಿನಲ್ಲಿ ಕ್ಷಯ, ಬ್ರುಸೆಲ್ಲೋಸಿಸ್‌ನಂಥ ಕಾಯಿಲೆ ತರುವ ಸೂಕ್ಷ್ಮಜೀವಿಗಳು ಇರಬಹುದು. ಅವನ್ನು ಕೊಲ್ಲುವಷ್ಟು, ಆದರೆ ಹಾಲು ಕೆಡದಷ್ಟು ಬಿಸಿ ಮಾಡುವುದೇ ಪಾಶ್ಚರೀಕರಣ. ಇದಕ್ಕೆ ಎರಡು ದಾರಿ ರೂಢಿಯಲ್ಲಿವೆ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುವುದು ಒಂದು, 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡುವುದು ಇನ್ನೊಂದು. ಎರಡನೆಯದಕ್ಕೆ ಹಾಲು ಹರಿಯುತ್ತಲೇ ಬಿಸಿಯಾಗುವ ದೊಡ್ಡ ಯಂತ್ರ ಬೇಕು. ಮನೆ ಮಟ್ಟದಲ್ಲಿ ಆಗುವುದು ಮೊದಲನೆಯದು.

ಇದರಲ್ಲಿ ಒಂದು ಡಿಗ್ರಿಗೆ ಎಷ್ಟು ಬೆಲೆ ಇದೆ ನೋಡಿ. ಅಮೆರಿಕದಲ್ಲಿ ಹಿಂದೆ 61.7 ಡಿಗ್ರಿ ಸಾಕು ಎಂದಿತ್ತು. ಕ್ಯೂ ಜ್ವರ ತರುವ ಒಂದು ಬ್ಯಾಕ್ಟೀರಿಯಾ ಆ ಬಿಸಿಗೂ ಬದುಕಿ ಉಳಿಯುತ್ತದೆಂದು ಗೊತ್ತಾಗಿ 1956ರಲ್ಲಿ ಅದನ್ನು 62.8ಕ್ಕೆ ಏರಿಸಿದರು. ಬರೀ ಒಂದು ಡಿಗ್ರಿ ಚಿಲ್ಲರೆ. ‘ಸುಮಾರು ಅರವತ್ತು’ ಎಂಬ ಅಂದಾಜು ಇಲ್ಲಿ ಸಲ್ಲದು.

ಮೊಸರಿಗಾದರೆ ಇನ್ನೂ ಮೇಲೆ, 85 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಆ ಬಿಸಿಗೆ ಹಾಲಿನ ಕೆಲವು ಪ್ರೋಟೀನುಗಳು ರೂಪ ಬದಲಿಸಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೊಸರು ಗಟ್ಟಿಯಾಗಿ ನಿಲ್ಲುತ್ತದೆ, ನೀರು ಒಡೆಯುವುದು ಕಡಿಮೆಯಾಗುತ್ತದೆ. ಆಮೇಲೆ ತಣಿಸಿ ಹೆಪ್ಪು ಹಾಕಬೇಕು. ಪ್ಯಾಕೆಟ್ಟಿನಲ್ಲಿ ಬರುವ ಯೋಗರ್ಟ್ ಕಲ್ಚರ್‌ಗೆ 42–43 ಡಿಗ್ರಿ ಬೇಕು, ಮನೆಯ ಹೆಪ್ಪಿಗೆ ಅದಕ್ಕಿಂತ ಕಡಿಮೆ ಸಾಕು. 50 ದಾಟಿದ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪೇ ಸಾಯುತ್ತದೆ. ಮೊಸರು ಕಟ್ಟಿದ ಮೇಲೆ 4 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಹುಳಿಯಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಅಂದರೆ ಒಂದೇ ಟ್ಯಾಂಕ್ 85ಕ್ಕೆ ಏರಬೇಕು, ಅಲ್ಲೇ ನಿಲ್ಲಬೇಕು, 43ಕ್ಕೆ ಇಳಿಯಬೇಕು, ಮತ್ತೆ ಗಂಟೆಗಟ್ಟಲೆ ಅಲ್ಲೇ ನಿಲ್ಲಬೇಕು.

## ಕಲಾಯಿಯವರಿಗೆ ಗೊತ್ತಿದ್ದ ಮಾತು

ಅಜ್ಜಿಯ ಕಾಲದಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಕಲಾಯಿ ಇಲ್ಲದೆ ಯಾರೂ ಹುಳಿ ಕುದಿಸುತ್ತಿರಲಿಲ್ಲ, ಮಜ್ಜಿಗೆ ಇಡುತ್ತಿರಲಿಲ್ಲ. ಕಲಾಯಿಯವನು ಬೀದಿ ಬದಿಯಲ್ಲಿ ಕೂತು ತಿದಿ ಒತ್ತಿ, ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿ, ತವರವನ್ನು ಬಟ್ಟೆಯಿಂದ ಸರ್ರನೆ ಒಳಗೆಲ್ಲ ಸವರುತ್ತಿದ್ದ. ಕಪ್ಪಗಿದ್ದ ಪಾತ್ರೆ ಕಣ್ಣೆದುರೇ ಬೆಳ್ಳಿಯಾಗುತ್ತಿತ್ತು. ಹಿತ್ತಾಳೆಯ ತಾಮ್ರ ಹುಳಿಗೆ ಕರಗಿ ಪದಾರ್ಥ ‘ಕಿಲುಬು’ ಹಿಡಿಯದಿರಲಿ ಎಂಬುದಕ್ಕೆ ಅಷ್ಟು ಪಾಡು.

ಪಾತ್ರೆಗೆ ಅಷ್ಟು ಎಚ್ಚರ ವಹಿಸುತ್ತಿದ್ದ ನಾವು ಟ್ಯಾಂಕಿಗೆ ಕೂರಿಸುವ ವಾಲ್ವಿನಲ್ಲಿ ಮರೆತುಬಿಡುತ್ತೇವೆ. ಹಾರ್ಡ್‌ವೇರ್ ಅಂಗಡಿಯ ನಿಪ್ಪಲ್, ಎಲ್ಬೋ, ವಾಲ್ವುಗಳಲ್ಲಿ ಹಲವು ಹಿತ್ತಾಳೆಯವು, ಹೊರಗೆ ಹೊಳಪಿನ ಲೇಪ ಅಷ್ಟೇ. ಹಿತ್ತಾಳೆಯನ್ನು ಸುಲಭವಾಗಿ ಕಡೆಯಲು ಅದಕ್ಕೆ ಸ್ವಲ್ಪ ಸೀಸ ಬೆರೆಸುವುದೂ ಉಂಟು. ಜೊತೆಗೆ ತಾಮ್ರದ ಒಂದು ಚೂರು ಅಂಶವೂ ಹಾಲಿನ ಕೊಬ್ಬನ್ನು ಬೇಗ ಕೆಡಿಸಿ ರಟ್ಟಿನಂಥ ವಾಸನೆ ಬರಿಸುತ್ತದೆ. ಹಾಲು ಮುಟ್ಟುವ ಜಾಗದಲ್ಲಿ ಹಿತ್ತಾಳೆ ಬೇಡ. ಬಿಸಿನೀರಿನ ಕಡೆ ಇರಲಿ, ಅಡ್ಡಿಯಿಲ್ಲ.

ಉಳಿಯುವುದು ಸ್ಟೇನ್‌ಲೆಸ್ ಸ್ಟೀಲ್. 304 ಎಂದರೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ ಉಕ್ಕು. ಹಾಲಿಗೆ ಇದು ಸಾಕು. 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಕಿಟಕಿ ಗ್ರಿಲ್ಲಿಗೆ, ಮೆಟ್ಟಿಲ ಕಂಬಿಗೆ ಅದು ಸರಿ. ಹುಳಿ, ಉಪ್ಪು, ಕ್ಷಾರ ದಿನಾ ತಗಲುವ ಕಡೆ ಬೇಗ ತುಕ್ಕಿನ ಚುಕ್ಕೆ ಏಳುತ್ತದೆ. ‘ಆಯಸ್ಕಾಂತ ಇಟ್ಟು ನೋಡಿ, ಅಂಟದಿದ್ದರೆ 304’ ಎಂಬ ಮಾತನ್ನು ನಂಬಬೇಡಿ, 202ಕ್ಕೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ಮೇಲು.

## ಅರ್ಧ ಇಂಚು ಎಂದರೆ ಅರ್ಧ ಇಂಚಲ್ಲ

ಅಂಗಡಿಯಲ್ಲಿ ‘ಅರ್ಧ ಇಂಚಿನ ನಿಪ್ಪಲ್’ ಕೇಳಿ ತಂದು ಸ್ಕೇಲ್ ಇಟ್ಟು ನೋಡಿ. ಥ್ರೆಡ್ಡಿನ ಹೊರ ಅಗಲ ಸುಮಾರು 21 ಮಿಲಿಮೀಟರ್, ಮುಕ್ಕಾಲು ಇಂಚಿಗಿಂತಲೂ ಹೆಚ್ಚು! ಮೋಸವೇನಲ್ಲ. ಅರ್ಧ ಇಂಚು ಎಂಬುದು ಹಿಂದೆ ಪೈಪಿನ ಒಳಗಿನ ತೂತಿನ ಅಳತೆಯಾಗಿತ್ತು. ಪೈಪಿನ ಗೋಡೆ ತೆಳ್ಳಗಾಗುತ್ತ ಬಂದರೂ ಹೆಸರು ಹಾಗೇ ಉಳಿಯಿತು.

ನಿಜವಾದ ತೊಡಕು ಥ್ರೆಡ್ಡಿನದು. ನಮ್ಮ ದೇಶದ ಪ್ಲಂಬಿಂಗ್ ಸಾಮಾನೆಲ್ಲ ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್. ಇಂಥ ಟ್ಯಾಂಕ್ ಕಟ್ಟುವುದನ್ನು ತೋರಿಸುವ ವೀಡಿಯೋಗಳಾದರೋ ಹೆಚ್ಚಾಗಿ ಅಮೆರಿಕದವು, ಅದೂ ಮನೆಯಲ್ಲಿ ಬಿಯರ್ ತಯಾರಿಸುವವರು ಮಾಡಿದವು. ಬಿಸಿ ಮಾಡು, ನಿಲ್ಲಿಸು, ತಣಿಸು, ಹುದುಗು ಹಾಕು ಎಂಬ ಹೆಜ್ಜೆಗಳು ಅಲ್ಲೂ ಇಲ್ಲೂ ಒಂದೇ ಆದ್ದರಿಂದ ಸಾಮಾನೂ ಒಂದೇ. (ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ಅವರ ಉಪಕರಣದ ಜ್ಞಾನವನ್ನು ಮಾತ್ರ ಎರವಲು ತರುತ್ತಿದ್ದೇವೆ.) ಅವರು ಬಳಸುವುದು ಎನ್‌ಪಿಟಿ ಎಂಬ ಅಮೆರಿಕನ್ ಥ್ರೆಡ್.

ಅರ್ಧ ಇಂಚಿನಲ್ಲಿ ಇವೆರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದರೊಳಗೆ ಒಂದು ಸಲೀಸಾಗಿ ಮೂರು ಸುತ್ತು ಹೋಗುತ್ತದೆ, ಕೂತಿತು ಎಂದೇ ಅನ್ನಿಸುತ್ತದೆ. ಆದರೆ ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಹಲ್ಲಿಗೆ ಹಲ್ಲು ಪೂರ್ತಿ ಕೂರುವುದಿಲ್ಲ, ಸಂದಿನಲ್ಲಿ ಹನಿ ಜಿನುಗುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ನಿಲ್ಲುವುದಿಲ್ಲ. ಒಂದು ಇಂಚಿನಲ್ಲಿ ಸುತ್ತಿನ ಲೆಕ್ಕವೇ ಬೇರೆ, ಬಿಎಸ್‌ಪಿಗೆ 11, ಎನ್‌ಪಿಟಿಗೆ 11.5. ಬಲವಂತ ಮಾಡಿದರೆ ಥ್ರೆಡ್ಡೇ ಕೆಟ್ಟುಹೋಗುತ್ತದೆ. ಹೀಟರ್ ಅಥವಾ ಸೆನ್ಸರ್ ಆನ್‌ಲೈನ್‌ನಲ್ಲಿ ತರಿಸುವವರು ವಿವರದಲ್ಲಿ ಯಾವ ಥ್ರೆಡ್ ಎಂದು ಬರೆದಿದೆಯೋ ಅದನ್ನು ಓದಿಯೇ ದುಡ್ಡು ಕಟ್ಟಿ.

ಹಾಲಿನ ಕಡೆ ಥ್ರೆಡ್ ಇದ್ದರೇ ತೊಂದರೆ ಎಂಬುದು ಮುಂದಿನ ಮಾತು.

## ವಾಲ್ವಿನೊಳಗೆ ಅಡಗಿದ ಹಾಲು

ನನ್ನ ಮೊದಲ ಟ್ಯಾಂಕಿಗೆ ಕೂರಿಸಿದ್ದು ನೀರಿನ ಲೈನಿಗೆ ಹಾಕುವ ಬಾಲ್ ವಾಲ್ವ್. ಸ್ಟೀಲಿನದೇ, ನೋಡಲು ಗಟ್ಟಿಮುಟ್ಟು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಮೊಸರಿನಲ್ಲಿ ಒಂಥರಾ ಕಮಟು. ಹೆಪ್ಪು ಬದಲಾಯಿಸಿದೆ, ಕ್ಯಾನ್ ಬದಲಾಯಿಸಿದೆ, ಹಸುವಿನ ಮೇವನ್ನೂ ಅನುಮಾನಿಸಿದೆ. ಒಂದು ದಿನ ಬೇಜಾರಾಗಿ ವಾಲ್ವನ್ನೇ ಸ್ಪ್ಯಾನರ್ ಹಾಕಿ ಬಿಚ್ಚಿದೆ. ಒಳಗಿನ ಗುಂಡಿನ ಹಿಂಬದಿಯಲ್ಲಿ ಹಳದಿ ಬಣ್ಣದ, ಬೆರಳಿಗೆ ಅಂಟುವ ಲೋಳೆ. ದಿನಾ ಬಿಸಿನೀರು ಹಾಯಿಸಿ ತೊಳೆಯುತ್ತಿದ್ದೆನಲ್ಲ, ಆ ನೀರು ಅಲ್ಲಿಗೆ ಹೋಗಿಯೇ ಇರಲಿಲ್ಲ.

ಬಾಲ್ ವಾಲ್ವ್ ಎಂದರೆ ನಡುವೆ ತೂತಿರುವ ಒಂದು ಗುಂಡು. ಹಿಡಿ ತಿರುಗಿಸಿದಾಗ ತೂತು ಪೈಪಿಗೆ ನೇರವಾಗಿ ಬಂದು ಹಾಲು ಹರಿಯುತ್ತದೆ. ಮತ್ತೆ ತಿರುಗಿಸಿದಾಗ ತೂತು ಅಡ್ಡವಾಗುತ್ತದೆ, ತೂತಿನೊಳಗಿದ್ದ ಅಷ್ಟು ಹಾಲು ಗುಂಡಿಗೂ ಹೊರಕವಚಕ್ಕೂ ನಡುವಿನ ಸಂದಿಗೆ ಇಳಿಯುತ್ತದೆ. ನೀರಾದರೆ ಚಿಂತೆಯಿಲ್ಲ. ಹಾಲು ಅಲ್ಲೇ ಕೂತು ಕೊಳೆಯುತ್ತದೆ, ಮರುದಿನದ ಹಾಲಿಗೆ ಬೇಡದ ಹೆಪ್ಪಾಗುತ್ತದೆ.

ಇದಕ್ಕೆ ಪರಿಹಾರ ಎರಡು. ಬಾಲ್ ವಾಲ್ವೇ ಬೇಕೆಂದರೆ ಮೂರು ತುಂಡಾಗಿ ಬಿಚ್ಚಿಕೊಳ್ಳುವ ‘ತ್ರೀ ಪೀಸ್’ ವಾಲ್ವ್ ತಂದು, ಬಿಚ್ಚಿ ಬ್ರಷ್ಷಿನಿಂದ ತೊಳೆಯುವ ಅಭ್ಯಾಸ ಇಟ್ಟುಕೊಳ್ಳುವುದು. ಇಲ್ಲವೇ ಬಟರ್‌ಫ್ಲೈ ವಾಲ್ವ್ ಹಾಕುವುದು. ಅದರಲ್ಲಿ ಗುಂಡಿಲ್ಲ, ಪೈಪಿನ ನಡುವೆ ತಿರುಗುವ ಒಂದು ಬಿಲ್ಲೆ ಮಾತ್ರ. ಅಡಗಲು ಸಂದಿ ಇಲ್ಲ. ಡೇರಿಗಳಲ್ಲಿ ಹಾಲಿನ ಲೈನಿಗೆ ಇದನ್ನೇ ಹೆಚ್ಚಾಗಿ ಕಾಣುತ್ತೀರಿ.

ಥ್ರೆಡ್ಡಿನ ಕಥೆಯೂ ಇದೇ. ಹಲ್ಲುಗಳ ನಡುವೆ ಹಾಲು ಸೇರಿದರೆ ಬ್ರಷ್ ತಲುಪುವುದಿಲ್ಲ. ಅದಕ್ಕೇ ಟಿಸಿ ಕ್ಲ್ಯಾಂಪ್. ಎರಡು ಪೈಪಿನ ತುದಿಗೂ ತಟ್ಟೆಯಂಥ ಅಂಚು ಬೆಸೆದಿರುತ್ತಾರೆ, ಅದಕ್ಕೆ ಫೆರೂಲ್ ಎನ್ನುತ್ತಾರೆ. ನಡುವೆ ಒಂದು ರಬ್ಬರ್ ಗ್ಯಾಸ್ಕೆಟ್ ಇಟ್ಟು, ಹೊರಗಿನಿಂದ ಬಳೆಯಂಥ ಕ್ಲ್ಯಾಂಪ್ ಹಾಕಿ ಚಿಟ್ಟೆ ನಟ್ಟನ್ನು ಕೈಯಲ್ಲೇ ಬಿಗಿದರೆ ಮುಗಿಯಿತು. ಸ್ಪ್ಯಾನರ್ ಬೇಡ, ಟೇಪ್ ಬೇಡ. ಸಂಜೆ ಎಲ್ಲವನ್ನೂ ಬಿಚ್ಚಿ, ತೊಳೆದು, ಬಟ್ಟೆ ಹಾಸಿ ಒಣಗಿಸಬಹುದು. ಒಂದು ಇಂಚಿನ ಮತ್ತು ಒಂದೂವರೆ ಇಂಚಿನ ಟಿಸಿ ಫೆರೂಲ್‌ಗಳ ಅಂಚಿನ ಅಗಲ ಎರಡಕ್ಕೂ 50.5 ಮಿಲಿಮೀಟರೇ, ಒಂದೇ ಕ್ಲ್ಯಾಂಪ್ ಎರಡಕ್ಕೂ ಕೂರುತ್ತದೆ. ಗ್ಯಾಸ್ಕೆಟ್ ಮಾತ್ರ ಒಳತೂತಿಗೆ ತಕ್ಕದ್ದೇ ಬೇಕು. ಸಿಲಿಕೋನ್ ಗ್ಯಾಸ್ಕೆಟ್ ಕೇಳಿ. ಇಪಿಡಿಎಂ ರಬ್ಬರ್ ಬಿಸಿನೀರಿಗೆ ಒಳ್ಳೆಯದೇ, ಆದರೆ ಕೆನೆಯ ಕೊಬ್ಬು ತಗಲಿದರೆ ಉಬ್ಬುತ್ತದೆ.

ದುಡ್ಡು ಕೈ ಕಚ್ಚುತ್ತದೆ ಎಂದರೆ ಟ್ಯಾಂಕಿನ ಗಾತ್ರ ಇಳಿಸಿ, ಈ ಜೋಡಣೆಗಳಲ್ಲಿ ಉಳಿತಾಯ ಮಾಡಬೇಡಿ. ಸಿಪಿವಿಸಿ ಪೈಪು ಬಿಸಿ ತಡೆಯುತ್ತದೆಂದು ಹಾಲಿಗೆ ಬಳಸುವವರಿದ್ದಾರೆ, ಅದು ನೀರಿನ ಪೈಪು. ಥ್ರೆಡ್ಡಿಗೆ ಸೆಣಬು ಸುತ್ತಿ ಸಫೇದಾ ಎಂಬ ಬಿಳಿ ಪೇಸ್ಟ್ ಹಚ್ಚುವುದಂತೂ ಹಾಲಿನ ಹತ್ತಿರ ಬರಲೇಬಾರದು. ಪೈಪಿಗೆ ‘T’ ಆಕಾರದ ಜೋಡಣೆ ಹಾಕಿ ಕವಲು ಬಿಟ್ಟರೆ ಆ ಕವಲು ಪೈಪಿನ ಅಗಲದ ಎರಡು ಪಟ್ಟಿಗಿಂತ ಉದ್ದ ಇರದಿರಲಿ. ಅದಕ್ಕಿಂತ ಉದ್ದವಾದರೆ ತೊಳೆಯುವ ನೀರು ಅದರ ತುದಿ ಮುಟ್ಟುವುದಿಲ್ಲ.

## ಒಲೆಯ ಮುಂದಿನ ಕಣ್ಣು, ತಲೆ, ಕೈ

ಇನ್ನು ಬಿಸಿಯ ನಿಯಂತ್ರಣ. ಸೌದೆ ಒಲೆಯಲ್ಲಿ ಹಾಲು ಕಾಯಿಸುವ ಅಮ್ಮನನ್ನು ನೆನಪಿಸಿಕೊಳ್ಳಿ. ಕಣ್ಣು ಹಾಲಿನ ಮೇಲೆ, ತಲೆಯಲ್ಲಿ ಅಂದಾಜು, ಕೈ ಸೌದೆಯ ಮೇಲೆ. ಯಂತ್ರದಲ್ಲೂ ಇದೇ ಮೂರು. ಸೆನ್ಸರ್ ಕಣ್ಣು, ಕಂಟ್ರೋಲರ್ ತಲೆ, ಹೀಟರನ್ನು ಹಾಕಿ ಆರಿಸುವ ರಿಲೇ ಕೈ.

ಅಗ್ಗದ ಥರ್ಮೋಸ್ಟಾಟಿನ ತಲೆಗೆ ಗೊತ್ತಿರುವುದು ಎರಡೇ ಮಾತು. 85 ಆಯಿತೇ, ಆರಿಸು. 83ಕ್ಕೆ ಇಳಿಯಿತೇ, ಹಚ್ಚು. ಗೀಸರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಹೀಗೇ ಕೆಲಸ ಮಾಡುತ್ತವೆ. ಆದರೆ ಹಾಲಿನ ಟ್ಯಾಂಕಿಗೆ ನೇರ ಹೀಟರ್ ಹಾಕಿದರೆ ಸೀಯುತ್ತದೆ. ಹಾಗಾಗಿ ಎರಡು ಗೋಡೆಯ ಟ್ಯಾಂಕ್ ಮಾಡಿ ನಡುವೆ ನೀರು ತುಂಬಿ, ಆ ನೀರನ್ನು ಕಾಯಿಸುತ್ತಾರೆ. ಇದಕ್ಕೆ ಜಾಕೆಟ್ ಎಂದು ಹೆಸರು. ಹಾಲು 85 ಮುಟ್ಟಿ ಹೀಟರ್ ಆರಿದಾಗ ಜಾಕೆಟ್ಟಿನ ನೀರು ಇನ್ನೂ 90ರ ಮೇಲಿರುತ್ತದೆ. ಸೌದೆ ಎಳೆದರೂ ಕೆಂಡ ಇರುತ್ತದಲ್ಲ, ಹಾಗೆ. ಹಾಲು ಏರುತ್ತಲೇ ಹೋಗುತ್ತದೆ. 43ರಲ್ಲಿ ನಿಲ್ಲಿಸಬೇಕಾದಾಗ ಈ ಕೆಂಡವೇ ಹೆಪ್ಪನ್ನು ಕೊಲ್ಲುವುದು.

ಅಮ್ಮ ಏನು ಮಾಡುತ್ತಿದ್ದಳು? ಹಾಲು ಉಕ್ಕುವವರೆಗೆ ಕಾಯುತ್ತಿರಲಿಲ್ಲ. ಗುರಿ ದೂರವಿದ್ದಾಗ ಉರಿ ಜೋರು, ಹತ್ತಿರವಾದಂತೆ ಸಣ್ಣ. ಪಿಐಡಿ ಕಂಟ್ರೋಲರಿನ ಮೊದಲ ಅಕ್ಷರ ಇದೇ: ಇನ್ನೂ ಎಷ್ಟು ಬಾಕಿ ಇದೆಯೋ ಅದಕ್ಕೆ ತಕ್ಕಷ್ಟು ಬಿಸಿ. ಸಣ್ಣ ಉರಿಯಲ್ಲಿ ಹಾಲು ಗುರಿಗೆ ಅರ್ಧ ಡಿಗ್ರಿ ಕೆಳಗೇ ನಿಂತುಬಿಟ್ಟರೆ? ‘ಯಾಕೋ ಬಹಳ ಹೊತ್ತಾಯಿತು’ ಎಂದು ಇನ್ನೊಂದು ಕಡ್ಡಿ ಸೌದೆ ತಳ್ಳುತ್ತಾಳೆ. ಎರಡನೆಯ ಅಕ್ಷರ ಇದು, ಕೊರತೆ ಎಷ್ಟು ಹೊತ್ತಿನಿಂದ ಇದೆ ಎಂಬ ಲೆಕ್ಕ. ಕೆನೆ ಸರಸರನೆ ಮೇಲೇಳುವುದು ಕಂಡರೆ ಉಕ್ಕುವ ಮೊದಲೇ ಸೌದೆ ಹಿಂದಕ್ಕೆ ಎಳೆಯುತ್ತಾಳೆ. ಎಷ್ಟು ವೇಗವಾಗಿ ಏರುತ್ತಿದೆ ಎಂದು ನೋಡುವ ಇದೇ ಮೂರನೆಯ ಅಕ್ಷರ. ಈ ಮೂರನ್ನೂ ಸೇರಿಸಿ ಹೀಟರನ್ನು ಕೆಲವು ಸೆಕೆಂಡ್ ಹಚ್ಚಿ, ಕೆಲವು ಸೆಕೆಂಡ್ ಆರಿಸಿ ಪಿಐಡಿ ಉರಿಯನ್ನು ಹದ ಮಾಡುತ್ತದೆ. ಯಾವ ಮಾತಿಗೆ ಎಷ್ಟು ತೂಕ ಎಂಬುದನ್ನು ನಾವು ಲೆಕ್ಕ ಹಾಕಬೇಕಿಲ್ಲ. ‘ಆಟೋ ಟ್ಯೂನ್’ ಒತ್ತಿದರೆ ಒಂದೆರಡು ಸಲ ಏರಿಳಿಸಿ ನೋಡಿ ತಾನೇ ಕಲಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಅದನ್ನು ಮಾಡಿಸಬೇಡಿ, ದಿನಾ ಹಾಕುವಷ್ಟೇ ಅಳತೆಯ ನೀರು ತುಂಬಿ ಮಾಡಿಸಿ.

ಪನೀರ್ ಮಾತ್ರ ಮಾಡುವವರಿಗೆ ಪಿಐಡಿ ಅಷ್ಟೇನೂ ಬೇಕಿಲ್ಲ. ಮೊಸರಿಗೆ ಬೇಕು.

ಕಣ್ಣಿನ ವಿಷಯಕ್ಕೆ ಬಂದರೆ, ಪಿಟಿ100 ಎಂಬ ಸೆನ್ಸರ್ ಈ ಕೆಲಸಕ್ಕೆ ಒಳ್ಳೆಯದು. ಒಳಗೆ ಪ್ಲಾಟಿನಂ ಇರುತ್ತದೆ, 0 ಡಿಗ್ರಿಯಲ್ಲಿ ಅದರ ರೋಧ 100 ಓಮ್, 100 ಡಿಗ್ರಿಯಲ್ಲಿ 138.5. ಒಂದು ಡಿಗ್ರಿಗೆ ಬರೀ 0.38 ಓಮ್‌ನಷ್ಟು ವ್ಯತ್ಯಾಸ. ಉದ್ದದ ವೈರಿನ ರೋಧವೂ ಸೇರಿ ಲೆಕ್ಕ ತಪ್ಪದಿರಲೆಂದೇ ಅದಕ್ಕೆ ಮೂರು ವೈರ್. ಎಲೆಕ್ಟ್ರಿಷಿಯನ್ ಒಂದು ವೈರನ್ನು ‘ಹೆಚ್ಚಾಯಿತು’ ಎಂದು ಕತ್ತರಿಸದಂತೆ ನೋಡಿಕೊಳ್ಳಿ. ಕೆ ಟೈಪ್ ಥರ್ಮೋಕಪಲ್ ಅಗ್ಗ, ಭಟ್ಟಿಯಂಥ ಕಡೆಗೆ ಸರಿ. ಸಾಮಾನ್ಯ ದರ್ಜೆಯದು ಎರಡು ಡಿಗ್ರಿಯಷ್ಟು ಹೆಚ್ಚುಕಮ್ಮಿ ತೋರಿಸಬಹುದು, ಮೇಲೆ ಹೇಳಿದ ಒಂದು ಡಿಗ್ರಿಯ ಕಥೆಗೆ ಅದು ಹೊಂದುವುದಿಲ್ಲ.

ಸೆನ್ಸರ್ ಎಲ್ಲಿದೆ ಎಂಬುದು ಅದರ ಬೆಲೆಗಿಂತ ಮುಖ್ಯ. ಜಾಕೆಟ್ಟಿನ ನೀರಿನಲ್ಲಿಟ್ಟರೆ ಅದು ನೀರಿನ ಬಿಸಿ ಹೇಳುತ್ತದೆ, ಹಾಲಿನದಲ್ಲ. ಹಾಲಿನೊಳಗೆ, ಗೋಡೆಯಿಂದ ದೂರ ಚಾಚಿರುವ ತುದಿ ಮುಚ್ಚಿದ ಕೊಳವೆಯಲ್ಲಿ ಕೂರಿಸಬೇಕು. ಹಾಲನ್ನು ತಿರುವುತ್ತಲೂ ಇರಬೇಕು. ನಿಂತ ಹಾಲಿನಲ್ಲಿ ಮೇಲೊಂದು ಬಿಸಿ, ಕೆಳಗೊಂದು ಬಿಸಿ.

## ಕರೆಂಟಿನ ಲೆಕ್ಕ

50 ಲೀಟರ್ ಹಾಲನ್ನು 30ರಿಂದ 85 ಡಿಗ್ರಿಗೆ ಏರಿಸಲು ಸುಮಾರು 3.1 ಯೂನಿಟ್ ವಿದ್ಯುತ್ ಬೇಕು. ಜಾಕೆಟ್ಟಿನಲ್ಲಿ 20 ಲೀಟರ್ ನೀರಿದ್ದರೆ ಅದಕ್ಕೆ ಇನ್ನೂ 1.3. ಒಟ್ಟು 4.4 ಯೂನಿಟ್. 3 ಕಿಲೋವಾಟ್ ಹೀಟರಿಗೆ ಇದು ಒಂದೂವರೆ ಗಂಟೆಯ ಕೆಲಸ.

ಇದು ಪ್ಲಗ್ಗಿನಲ್ಲಿ 230 ವೋಲ್ಟ್ ಬಂದರೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತಿಗೆ 180ಕ್ಕೆ ಇಳಿಯುವುದು ಹೊಸತಲ್ಲ. ವೋಲ್ಟೇಜ್ ಇಳಿದಷ್ಟೇ ಹೀಟರಿನ ಶಕ್ತಿ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟಿನಲ್ಲಿ 3 ಕಿಲೋವಾಟ್ ಹೀಟರ್ ಕೊಡುವುದು 1.8 ಕಿಲೋವಾಟ್ ಚಿಲ್ಲರೆ ಮಾತ್ರ. ಒಂದೂವರೆ ಗಂಟೆಯ ಕೆಲಸ ಎರಡೂವರೆ ಗಂಟೆಗೆ ಹೋಗುತ್ತದೆ. ‘ಹೀಟರ್ ಕೆಟ್ಟಿದೆ’ ಎಂದು ಬದಲಾಯಿಸುವ ಮೊದಲು ವೋಲ್ಟೇಜ್ ನೋಡಿ.

3 ಕಿಲೋವಾಟ್ ಎಂದರೆ 13 ಆಂಪಿಯರ್. ಮಾರುಕಟ್ಟೆಯಲ್ಲಿ ಜನಪ್ರಿಯವಾದ ಎಸ್‌ಟಿಸಿ-1000 ಕಂಟ್ರೋಲರಿನ ಒಳಗಿನ ರಿಲೇ ತಡೆಯುವುದು 10 ಆಂಪಿಯರ್. ಹೀಟರನ್ನು ನೇರ ಅದಕ್ಕೆ ಕೊಟ್ಟರೆ ರಿಲೇ ಸುಡುತ್ತದೆ. ನಡುವೆ ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ ಬೇಕು. ಪಿಐಡಿಗಾದರೆ ಎಸ್‌ಎಸ್‌ಆರ್ ಎಂಬ, ಒಳಗೆ ಚಲಿಸುವ ಭಾಗವಿಲ್ಲದ ರಿಲೇ ಹಾಕುತ್ತಾರೆ. 13 ಆಂಪಿಯರಿಗೆ 40 ಆಂಪಿಯರಿನ ಎಸ್‌ಎಸ್‌ಆರ್, ಅದರ ಕೆಳಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್.

ಎಸ್‌ಎಸ್‌ಆರ್ ಕೆಟ್ಟಾಗ ಹೆಚ್ಚಾಗಿ ‘ಆನ್’ ಸ್ಥಿತಿಯಲ್ಲೇ ಕೆಡುತ್ತದೆ. ತಲೆ ಆರಿಸು ಎಂದರೂ ಕೈ ಕೇಳುವುದಿಲ್ಲ, ಹೀಟರ್ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ, ಕಂಟ್ರೋಲರಿಗೆ ಸಂಬಂಧವಿಲ್ಲದ ಒಂದು ಥರ್ಮಲ್ ಕಟ್‌ಔಟ್ ಜಾಕೆಟ್ಟಿಗೆ ಇರಲೇಬೇಕು. ಜಾಕೆಟ್ಟಿನ ಮೇಲ್ಭಾಗ ಗಾಳಿಗೆ ತೆರೆದಿರಬೇಕು. ಅದನ್ನು ವಾಲ್ವ್ ಹಾಕಿ ಮುಚ್ಚಿದರೆ ಆವಿ ತುಂಬಿ ಸಿಡಿಯಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಕೆಲಸ ಇದು, ಸರಿಯಾದ ಅರ್ತಿಂಗ್ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟಿನಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ, ಒಂದಿಷ್ಟು ನಮ್ಮ ಮೈ ಮೂಲಕ ನೆಲಕ್ಕೆ ಹೋದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಓವರ್‌ಲೋಡ್ ಆದಾಗ ಬೀಳುವ ಎಂಸಿಬಿ ಈ ಕೆಲಸ ಮಾಡುವುದಿಲ್ಲ.

## ಬೋರ್‌ವೆಲ್ ನೀರು

ನಮ್ಮ ಆಳದ ಬೋರ್‌ವೆಲ್ಲುಗಳ ಗಡಸು ನೀರು ಕಾದಾಗ ಸುಣ್ಣ ಕಟ್ಟುತ್ತದೆ. ಹೀಟರಿನ ಕಡ್ಡಿಯ ಮೇಲೆ ಬಿಳಿ ಪದರ ಬೆಳೆದಂತೆ ಬಿಸಿ ನೀರಿಗೆ ಇಳಿಯದೆ ಕಡ್ಡಿಯೇ ಸುಟ್ಟುಹೋಗುತ್ತದೆ. ಜಾಕೆಟ್ಟಿಗೆ ಮಳೆನೀರು ಅಥವಾ ಆರ್‌ಓ ನೀರು ತುಂಬಿ, ಪದೇಪದೇ ಬದಲಾಯಿಸದೆ ಅದನ್ನೇ ಬಳಸಿ. ಹಾಲಿನ ಕಡೆಯೂ ಬಿಳಿ ಕಲೆ ಕೂರುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಸುಡುನೀರು ಹಾಕಿದರೆ ಪ್ರೋಟೀನ್ ಬೆಂದು ಅಂಟುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದ ತೆಳು ದ್ರಾವಣ, ವಾರಕ್ಕೊಮ್ಮೆ ಸಿಟ್ರಿಕ್ ಆಮ್ಲ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ. ಬ್ಲೀಚಿಂಗ್ ನೀರನ್ನು ಸ್ಟೀಲಿನಲ್ಲಿ ರಾತ್ರಿಯಿಡೀ ಬಿಡಬೇಡಿ, 304ಕ್ಕೂ ಚುಕ್ಕೆ ತೂತು ಬೀಳುತ್ತದೆ.

## ಹಾಲು ಹಾಕುವ ಮೊದಲು

ಎಲ್ಲ ಜೋಡಿಸಿದ ಮೇಲೆ ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ನೋಡಬೇಕು. ಪುಡಿ ಮಾಡಿದ ಐಸನ್ನು ಲೋಟದ ತುಂಬ ಹಾಕಿ, ಸಂದು ತುಂಬುವಷ್ಟು ನೀರು ಸುರಿದು, ಕಲಕಿ ಸೆನ್ಸರ್ ಇಡಿ. 0 ತೋರಿಸಬೇಕು. ಆಮೇಲೆ ಕುದಿಯುವ ನೀರಿನಲ್ಲಿ ಇಡಿ. ಇಲ್ಲಿ 100 ಬರಲಿಲ್ಲವೆಂದು ಸೆನ್ಸರನ್ನು ಅಂಗಡಿಗೆ ವಾಪಸ್ ಕೊಟ್ಟವರಿದ್ದಾರೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿಯ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಕೋಲಾರ, ತುಮಕೂರು ಇರುವುದು 800 ಮೀಟರಿಗೂ ಮೇಲೆ, ಚಿಕ್ಕಬಳ್ಳಾಪುರ 900ರ ಆಚೆ. ನಮ್ಮ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ನಂದಿಬೆಟ್ಟದ ತುದಿ 1,478 ಮೀಟರ್, ಅಲ್ಲಿ 95. ಹಾಗಾಗಿ ನಿಮ್ಮ ಪಿಟಿ100 ಕುದಿನೀರಿನಲ್ಲಿ 97 ತೋರಿಸಿದರೆ ಅದು ಸರಿಯಾಗಿದೆ, 100 ತೋರಿಸಿದರೆ ಮೂರು ಡಿಗ್ರಿ ಹೆಚ್ಚು ಹೇಳುತ್ತಿದೆ. ಅಂಥ ಸೆನ್ಸರ್ ನಂಬಿ 63ಕ್ಕೆ ಕಾಯಿಸಿದ ಹಾಲು ನಿಜಕ್ಕೂ 60–61ರ ಹತ್ತಿರ ಇರಬಹುದು.

ಕೊನೆಗೆ 50 ಲೀಟರ್ ನೀರು ತುಂಬಿ ಒಂದು ದಿನ ಪೂರ್ತಿ ನಡೆಸಿ. 85ಕ್ಕೆ ಏರಲು ಎಷ್ಟು ಹೊತ್ತು, 43ಕ್ಕೆ ಇಳಿಯಲು ಎಷ್ಟು ಹೊತ್ತು, ಗುರಿಯಿಂದ ಎಷ್ಟು ಮೇಲೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಕ್ಲ್ಯಾಂಪಿನ ಕೆಳಗೆ ಒಣಗಿದ ಪೇಪರ್ ಚೂರು ಹಾಸಿಡಿ. ನೀರು ಬಿಸಿಯಾದಾಗ ಮಾತ್ರ ಜಿನುಗುವ ಜಾಗಗಳು ಕಣ್ಣಿಗೆ ಕಾಣದಿದ್ದರೂ ಪೇಪರಿನಲ್ಲಿ ಕಾಣುತ್ತವೆ.